ಬೇಟೆ ಬಿಟ್ಟು ಐವತ್ತು ವರ್ಷವಾದರೂ ಅಪ್ಪ ರೈಫಲ್ ಬಿಡುತ್ತಿಲ್ಲ, ಯಾಕೆ?

ಪ್ರಶ್ನೆ: ನಮ್ಮ ತಂದೆಗೆ 81 ವರ್ಷ. ಸಕಲೇಶಪುರದ ಕಡೆ ಸಣ್ಣ ಕಾಫಿ ತೋಟ ಇದೆ. ಅಜ್ಜ ಕೊಂಡಿದ್ದ .315 ರೈಫಲ್ ಇನ್ನೂ ಮನೆಯಲ್ಲಿದೆ. ಅಪ್ಪ ವಯಸ್ಸಿನಲ್ಲಿ ಅದನ್ನೇ ಹಿಡಿದು ಬೇಟೆಗೆ ಹೋಗುತ್ತಿದ್ದರಂತೆ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬಿಟ್ಟುಬಿಟ್ಟರು. ಅದರಿಂದ ಒಂದು ಗುಂಡು ಹಾರಿದ್ದನ್ನೂ ನಾನು ನೋಡಿಲ್ಲ. ಆದರೂ ಪ್ರತಿ ಭಾನುವಾರ ಹೊರಗೆ ತೆಗೆದು, ಕೊಬ್ಬರಿ ಎಣ್ಣೆ ಹಚ್ಚಿ, ಒರೆಸಿ ಇಡುತ್ತಾರೆ. ಬೇರೆ ಯಾರೂ ಮುಟ್ಟುವ ಹಾಗಿಲ್ಲ. ಲೈಸೆನ್ಸ್ ನವೀಕರಣಕ್ಕೆ ಓಡಾಡುವುದು, ಚುನಾವಣೆ ಬಂದಾಗ ಠಾಣೆಗೆ ಕೊಟ್ಟು ಬರುವುದು, ಎಲ್ಲಾ ಈಗ ಕಷ್ಟ. ಸರೆಂಡರ್ ಮಾಡೋಣ ಅಂದಿದ್ದಕ್ಕೆ ಊಟ ಬಿಟ್ಟು ಕೂತರು. ನಾನು ಬೆಂಗಳೂರಿನಲ್ಲಿದ್ದೇನೆ, ಒಬ್ಬಳೇ ಮಗಳು. ಒಂದು ಕಬ್ಬಿಣದ ವಸ್ತುವಿನ ಮೇಲೆ ಇಷ್ಟು ವ್ಯಾಮೋಹ ಯಾಕೆ? ಮುಂದೆ ನಾನೇನು ಮಾಡಬೇಕು?

ಉತ್ತರ: ನಿಮ್ಮ ತಂದೆಯವರಂಥ ಹಿರಿಯರನ್ನು ನಾನು ಬಹಳ ನೋಡಿದ್ದೇನೆ. ಹಳೆ ಕೋವಿ ರಿಪೇರಿ ಮಾಡುವುದೇ ನನ್ನ ಕಸುಬು. ನನ್ನ ಹತ್ತಿರ ಬರುವ ಕೋವಿಗಳಲ್ಲಿ ಹೆಚ್ಚಿನವು ಈಗ ಈಡು ಹೊಡೆಯುವುದೇ ಇಲ್ಲ. ಆದರೂ ಅವುಗಳ ಯಜಮಾನರು ಬಸ್ಸು ಹತ್ತಿ ಬರುತ್ತಾರೆ, ಒಂದು ಸಣ್ಣ ಸ್ಪ್ರಿಂಗಿಗಾಗಿ ಇಡೀ ದಿನ ಕಾಯುತ್ತಾರೆ. ಹಾಗಾಗಿ ಕಾನೂನಿನ ಮಾತಿಗೆ ಮುಂಚೆ ನಿಮ್ಮ ಮೊದಲ ಪ್ರಶ್ನೆಗೇ ಉತ್ತರ ಹೇಳುತ್ತೇನೆ. ಅದು ಗೊತ್ತಾದರೆ ಎರಡನೆಯದು ಅರ್ಧ ಬಗೆಹರಿದ ಹಾಗೆ.

ನಿಮ್ಮ ತಂದೆಯ ಕೈಯಲ್ಲಿ, ಕೆನ್ನೆಯಲ್ಲಿ, ಭುಜದಲ್ಲಿ ಒಂದು ವಿದ್ಯೆ ಕೂತಿದೆ. ಅದು ಆ ಒಂದು ರೈಫಲ್ ಕೈಗೆ ಬಂದಾಗ ಮಾತ್ರ ಎಚ್ಚರವಾಗುತ್ತದೆ. ರೈಫಲ್ ಬಿಟ್ಟುಕೊಡು ಅಂದರೆ ಅವರ ಕಿವಿಗೆ ಆ ವಿದ್ಯೆಯನ್ನೇ ಬಿಟ್ಟುಕೊಡು ಅಂದಂತೆ ಕೇಳುತ್ತದೆ.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಂದೇ ಕಾರ್ಖಾನೆಯಲ್ಲಿ, ಒಂದೇ ದಿನ ತಯಾರಾದ ಎರಡು ರೈಫಲ್‌ಗಳು ಕೂಡ ಒಂದೇ ಥರ ಹೊಡೆಯುವುದಿಲ್ಲ. ಒಂದರ ಗುಂಡು ಗುರಿಗಿಂತ ಒಂದು ಅಂಗುಲ ಎಡಕ್ಕೆ ಹೋದರೆ ಇನ್ನೊಂದರದ್ದು ಮೇಲಕ್ಕೆ ಹೋಗುತ್ತದೆ. ನಳಿಗೆ ಬಿಸಿಯಾದರೆ ಒಂದು ಥರ, ತಣ್ಣಗಿದ್ದರೆ ಇನ್ನೊಂದು ಥರ. ಹಿಂದಿನ ಮರದ ಹಿಡಿಕೆಯ ಉದ್ದ ಒಬ್ಬನ ತೋಳಿಗೆ ಸರಿಹೋದರೆ ಇನ್ನೊಬ್ಬನಿಗೆ ಅರ್ಧ ಅಂಗುಲ ಜಾಸ್ತಿ. ಟ್ರಿಗರ್ ಕೂಡ ಹಾಗೇ. ಬ್ರಿಟಿಷ್ ಸೈನ್ಯದ ಲೀ-ಎನ್‌ಫೀಲ್ಡ್ ಜಾತಿಯ ರೈಫಲ್‌ಗಳಲ್ಲಿ ಅದು ಎರಡು ಹಂತದಲ್ಲಿ ಬರುತ್ತದೆ. ಮೊದಲು ಸಡಿಲವಾಗಿ ಹಿಂದಕ್ಕೆ ಬಂದು ಒಂದು ಕಡೆ ತಡೆಯುತ್ತದೆ. ಅಲ್ಲಿಂದ ಇನ್ನೂ ಸ್ವಲ್ಪ ಒತ್ತಿದರೆ ಈಡು. ಆ ತಡೆ ಎಲ್ಲಿ ಬರುತ್ತದೆ ಅಂತ ಕಲಿತ ಬೆರಳಿಗೆ ಗೊತ್ತಿರುತ್ತದೆ. ಬಾಯಲ್ಲಿ ಹೇಳು ಅಂದರೆ ಹೇಳಲಾಗದು.

ವರ್ಷಗಟ್ಟಲೆ ಒಂದೇ ರೈಫಲ್ ಹಿಡಿದವನು ಅದನ್ನು ಎತ್ತಿದ ಕೂಡಲೇ ಕೆನ್ನೆ ತನ್ನ ಜಾಗಕ್ಕೆ ಹೋಗಿ ಕೂರುತ್ತದೆ. ಕಣ್ಣು ಗುರಿಯ ಸಾಲಿಗೆ ತಾನಾಗಿಯೇ ಬರುತ್ತದೆ. ಮಲೆನಾಡಿನ ಬೇಟೆಯಲ್ಲಿ ಇದು ಶೋಕಿಯ ಮಾತಾಗಿರಲಿಲ್ಲ. ಬಿಲ್ಲಿಗೆ, ಅಂದರೆ ಪ್ರಾಣಿ ಹಾಯುವ ದಾರಿಯಲ್ಲಿ ಹೊಂಚುಹಾಕಿ, ಕೂತವನ ಮುಂದೆ ಹಂದಿ ಹಾಯುವುದು ಎರಡು ಮೂರು ಕ್ಷಣ. ಆ ಕಡೆ ಹಳು ನುಗ್ಗುತ್ತಿರುವ, ಅಂದರೆ ಪೊದೆ ನುಗ್ಗಿ ಪ್ರಾಣಿ ಎಬ್ಬಿಸುವ, ಜನ ಇರುತ್ತಾರೆ, ನಾಯಿಗಳಿರುತ್ತವೆ. ಯಾವ ಕಡೆ ಹೊಡೆಯಬಾರದು ಅನ್ನುವುದನ್ನೂ ಅಷ್ಟರೊಳಗೇ ತೀರ್ಮಾನಿಸಬೇಕು. ಗಾಯಗೊಂಡ ಹಂದಿ ತಿರುಗಿ ಬಂದಾಗ ಬೋಲ್ಟ್, ಅಂದರೆ ತೋಟಾ ಏರಿಸಲು ಹಿಂದೆ ಮುಂದೆ ಎಳೆಯುವ ಭಾಗ, ಎಳೆದು ಎರಡನೇ ತೋಟಾ ಏರಿಸುವ ಹೊತ್ತಿಗೆ ಆ ತೋಟಾ ಸಿಕ್ಕಿಕೊಂಡರೆ ಮುಗಿಯಿತು. ಅಂಥ ಹೊತ್ತಲ್ಲಿ ಕೈಕೊಡದ ರೈಫಲ್ ಮೇಲೆ ಹುಟ್ಟುವ ನಂಬಿಕೆ ಸುಲಭಕ್ಕೆ ಅಳಿಯುವುದಿಲ್ಲ. ಒಳ್ಳೆ ಈಡುಗಾರರು ಬೇರೆಯವರ ಕೋವಿ ಕೇಳಿ ತಗೊಳ್ಳುತ್ತಿರಲಿಲ್ಲ, ತಮ್ಮದನ್ನು ಕೊಡುತ್ತಲೂ ಇರಲಿಲ್ಲ. ಅದರಲ್ಲಿ ಜಿಪುಣತನ ಏನೂ ಇಲ್ಲ.

ನಿಮ್ಮ ಮನೆಯಲ್ಲಿರುವುದು .315 ಅಂದಿರಿ. ಇದು ನಳಿಗೆಯ ಒಳ ಅಗಲದ ಅಳತೆ, ಅಂಗುಲದಲ್ಲಿ. ಹೆಚ್ಚಾಗಿ ಅದು ಕೋಲ್ಕತ್ತ ಹತ್ತಿರದ ಇಶಾಪುರ ರೈಫಲ್ ಕಾರ್ಖಾನೆಯದ್ದೇ ಇರಬೇಕು. ಇನ್ನೂ ಹಳೆಯದಾಗಿದ್ದರೆ ಇಂಗ್ಲೆಂಡಿನ ಬಿಎಸ್‌ಎ ಕಂಪನಿಯದ್ದಾಗಿರಬಹುದು. ನಳಿಗೆಯ ಬುಡದ ಹತ್ತಿರ ಮುದ್ರೆ ಇರುತ್ತದೆ, ನೋಡಿ. ಇದರ ಹಿಂದೆ ಒಂದು ಇತಿಹಾಸವೂ ಇದೆ. ಬ್ರಿಟಿಷರ ಕಾಲದಲ್ಲಿ ಸೈನ್ಯದ ರೈಫಲ್ .303. ಸೈನ್ಯದ ತೋಟಾ ಖಾಸಗಿ ಕೋವಿಗೆ ಹೊಂದಬಾರದು ಅಂತ ಸರ್ಕಾರ ಆ ಅಳತೆಯನ್ನು ಜನರಿಗೆ ನಿಷೇಧಿಸಿತು. ಅದಕ್ಕೇ ಸೈನ್ಯದ ರೈಫಲ್ಲಿನ ಮೈಕಟ್ಟನ್ನೇ ಇಟ್ಟುಕೊಂಡು ಬೇರೆ ಅಳತೆಯ ನಳಿಗೆ ಹಾಕಿ ಮಾರಿದರು. ಸ್ವಾತಂತ್ರ್ಯ ಬಂದ ಮೇಲೂ ಅದೇ ಪದ್ಧತಿ ಮುಂದುವರಿಯಿತು. ಚರೆ ಹೊಡೆಯುವ ತೋಟಾ ಕೋವಿ ಎಷ್ಟೋ ಮನೆಗಳಲ್ಲಿತ್ತು, ರೈಫಲ್ ಇದ್ದದ್ದು ಕೆಲವರ ಹತ್ತಿರ ಮಾತ್ರ. ನಿಮ್ಮಜ್ಜ ಅದನ್ನು ಕೊಳ್ಳುವಾಗ ಯೋಚನೆ ಮಾಡಿಯೇ ದುಡ್ಡು ಹೊಂದಿಸಿರುತ್ತಾರೆ. ಆ ಕಥೆಯನ್ನು ತಂದೆಯವರ ಬಾಯಲ್ಲಿ ಕೇಳಿದ್ದೀರಾ? ಕೇಳಿಲ್ಲದಿದ್ದರೆ ಈ ವಾರವೇ ಕೇಳಿ.

ಈ ನಂಟು ನಮ್ಮ ಊರಿನವರಿಗೆ ಮಾತ್ರ ಅಂಟಿದ್ದಲ್ಲ. ನರಭಕ್ಷಕ ಹುಲಿಗಳ ಬೇಟೆಗೆ ಹೆಸರಾದ ಜಿಮ್ ಕಾರ್ಬೆಟ್ ಹತ್ತಿರ ರಿಗ್ಬಿ ಕಂಪನಿಯ .275 ರೈಫಲ್ ಇತ್ತು. 1907ರಲ್ಲಿ ಈಗಿನ ಉತ್ತರಾಖಂಡದ ಕುಮಾಂವ್ ಸೀಮೆಯ ಚಂಪಾವತ್‌ನ ನರಭಕ್ಷಕ ಹುಲಿಯನ್ನು ಕೊಂದದ್ದಕ್ಕೆ ಸಂಯುಕ್ತ ಪ್ರಾಂತದ ಲೆಫ್ಟಿನೆಂಟ್ ಗವರ್ನರ್ ಜಾನ್ ಹೀವೆಟ್ ಕೊಟ್ಟ ಬಹುಮಾನ ಅದು. 436 ಜನರನ್ನು ಕೊಂದಿತ್ತು ಅಂತ ಲೆಕ್ಕ ಸಿಗುವ ಹುಲಿ ಅದು. ರೈಫಲ್ಲಿನ ಮರಕ್ಕೆ ಹಾಕಿದ ಬೆಳ್ಳಿ ತಗಡಿನ ಮೇಲೆ ಇದನ್ನು ಕೆತ್ತಿಸಿದ್ದಾರೆ. ಚಂಪಾವತ್‌ನ ಹುಲಿ ಸತ್ತದ್ದೇ ಈ ರೈಫಲ್ಲಿನಿಂದ ಅಂದುಕೊಂಡವರು ಬಹಳ ಜನ. ಹಾಗಲ್ಲ. ಆ ದಿನ ಕಾರ್ಬೆಟ್ ಕೈಯಲ್ಲಿದ್ದದ್ದು ಬೇರೆ ದೊಡ್ಡ ರೈಫಲ್. ಅದರ ತೋಟಾ ಮುಗಿದು, ಕೊನೆಗೆ ತಹಸೀಲ್ದಾರರ ಹಳೆ ಕೋವಿಯನ್ನು ಈಸಿಕೊಂಡು ಹೊಡೆದಿದ್ದರು. ರಿಗ್ಬಿ ಬಂದದ್ದು ಆಮೇಲೆ. ಆಮೇಲೆ ಅದು ಅವರ ಕೈಯಲ್ಲೇ ಉಳಿಯಿತು. 1926ರಲ್ಲಿ ರುದ್ರಪ್ರಯಾಗದ ಚಿರತೆಯನ್ನು ಹೊಡೆದದ್ದು ಇದರಿಂದಲೇ.

ನನಗೆ ಇದರಲ್ಲಿ ಮುಖ್ಯವಾಗಿ ಕಾಣುವುದು ಮುಂದಿನ ಭಾಗ. ಕಾರ್ಬೆಟ್ ನಡುವಯಸ್ಸು ದಾಟಿದ ಮೇಲೆ ಬೇಟೆಗಿಂತ ಕ್ಯಾಮೆರಾ ಹೆಚ್ಚು ಹಿಡಿದರು. ಹುಲಿ ಉಳಿಯಬೇಕು ಅಂತ ಬರೆದರು, ಮಾತಾಡಿದರು. ಹುಲಿ ಹೊಡೆಯುವ ಆಸೆ ಹೋಯಿತು, ರೈಫಲ್ ಮೇಲಿನ ಪ್ರೀತಿ ಹೋಗಲಿಲ್ಲ. 1947ರಲ್ಲಿ ಭಾರತ ಬಿಟ್ಟು ಕೀನ್ಯಾಕ್ಕೆ ಹೋದ ಮೇಲೂ ಅದು ಅವರದ್ದಾಗಿಯೇ ಇತ್ತು. 1955ರಲ್ಲಿ ಅವರು ತೀರಿಕೊಂಡರು. ರೈಫಲ್ ಅವರ ಪುಸ್ತಕ ಪ್ರಕಟಿಸಿದ ಸಂಸ್ಥೆಯ ಬಳಿ ಬಹಳ ಕಾಲ ಇದ್ದು, ಕೊನೆಗೆ ಅದನ್ನು ತಯಾರಿಸಿದ ಕಂಪನಿಗೇ ಮರಳಿತು. 2016ರಲ್ಲಿ ಅದನ್ನು ಭಾರತಕ್ಕೆ ತಂದು ಕಾರ್ಬೆಟ್ ಓಡಾಡಿದ ಊರುಗಳಲ್ಲಿ ಜನರಿಗೆ ತೋರಿಸಿದರು. ಇನ್ನೊಂದು ಕಡೆ, ಅವರು ನೆಲೆಸಿದ್ದ ಛೋಟಿ ಹಲ್ದ್ವಾನಿಯಲ್ಲಿ ಬೆಳೆ ಕಾಯಲು ಅಂತ ಊರಿನವರೊಬ್ಬರಿಗೆ ಕೊಟ್ಟ ಒಂದು ಸಾದಾ ಕೋವಿಯೂ ಇದೆ. ಅದಕ್ಕೆ ಬೆಳ್ಳಿ ತಗಡಿಲ್ಲ. ಆ ಮನೆಯವರು ಅದನ್ನು ಜೋಪಾನ ಮಾಡಿಕೊಂಡು ಬಂದಿದ್ದಾರೆ. ನನ್ನನ್ನು ಕೇಳಿದರೆ ಎರಡರಲ್ಲಿ ನಾನು ನೋಡಬಯಸುವುದು ಅದನ್ನೇ.

ನಮ್ಮ ಬೆಂಗಳೂರಿನಲ್ಲೇ ಇದ್ದ ಬೇಟೆಗಾರ, ಲೇಖಕ ಕೆನೆತ್ ಆಂಡರ್ಸನ್ ಅವರದ್ದು .405 ವಿಂಚೆಸ್ಟರ್, 1895ರ ಮಾಡೆಲ್. ಕೆಳಗಿನ ಲಿವರ್ ಆಡಿಸಿ ತೋಟಾ ಏರಿಸುವ ಅಮೆರಿಕದ ರೈಫಲ್. ಅದಕ್ಕಿಂತ ಹೊಸ ಮಾದರಿಗಳು ಎಷ್ಟೋ ಬಂದವು. ಅವರು ನರಭಕ್ಷಕಗಳ ಹಿಂದೆ ಹೋದಾಗಲೆಲ್ಲ ಹೆಚ್ಚಾಗಿ ನೆಚ್ಚಿಕೊಂಡದ್ದು ಅದನ್ನೇ. ರಾತ್ರಿ ಕತ್ತಲಲ್ಲಿ ಮರದ ಮೇಲೆ ಒಬ್ಬನೇ ಕೂತವನಿಗೆ ಹೊಸದಕ್ಕಿಂತ ಪರಿಚಯದ್ದು ಬೇಕು. ನಿಮ್ಮ ತಂದೆ ಕೂಡ ಒಬ್ಬರೇ ಕೂತ ರಾತ್ರಿಗಳಿರುತ್ತವೆ, ಅಲ್ವಾ?

ಇನ್ನು ಭಾನುವಾರದ ಎಣ್ಣೆಯ ವಿಷಯ. ಇದಕ್ಕೆ ಗಟ್ಟಿ ಕಾರಣ ಇದೆ. ಹಳೆ ಕಾಲದ ತೋಟಾಗಳ ಕೇಪಿನಲ್ಲಿ, ಅಂದರೆ ಮದ್ದಿಗೆ ಕಿಡಿ ಕೊಡುವ ಬುಡದ ಸಣ್ಣ ಬಿಲ್ಲೆಯಲ್ಲಿ, ಪೊಟ್ಯಾಶಿಯಂ ಕ್ಲೋರೇಟ್ ಇರುತ್ತಿತ್ತು. ಅದು ಸಿಡಿದ ಮೇಲೆ ನಳಿಗೆಯೊಳಗೆ ಒಂದು ಥರದ ಉಪ್ಪು ಉಳಿಯುತ್ತದೆ. ಅದು ಗಾಳಿಯಲ್ಲಿನ ತೇವ ಎಳೆದುಕೊಂಡು ಕಬ್ಬಿಣವನ್ನು ತಿನ್ನುತ್ತದೆ. ಎಣ್ಣೆಯಲ್ಲಿ ಆ ಉಪ್ಪು ಕರಗುವುದಿಲ್ಲ, ನೀರಿನಲ್ಲಿ ಮಾತ್ರ ಕರಗುತ್ತದೆ. ಅದಕ್ಕೆ ಬೇಟೆಯಿಂದ ಬಂದ ರಾತ್ರಿಯೇ, ಎಷ್ಟೇ ದಣಿದಿದ್ದರೂ, ಕುದಿಯುವ ನೀರನ್ನು ನಳಿಗೆಯೊಳಗೆ ಹುಯ್ದು, ಬಟ್ಟೆ ಕಟ್ಟಿದ ಕೋಲಿನಿಂದ ಒರೆಸಿ, ಒಣಗಿಸಿ, ಆಮೇಲೆ ಎಣ್ಣೆ ಹಚ್ಚಬೇಕಿತ್ತು. ಬೆಳಿಗ್ಗೆ ನೋಡೋಣ ಅಂತ ಮಲಗಿದವನ ನಳಿಗೆ ಮಲೆನಾಡಿನ ಮಳೆಗಾಲದಲ್ಲಿ ಒಂದೇ ರಾತ್ರಿಗೆ ಕೆಂಪಾಗುತ್ತಿತ್ತು. ತುಕ್ಕು ಹಿಡಿದ ನಳಿಗೆ ಗುರಿ ತಪ್ಪುತ್ತದೆ. ಗುರಿ ತಪ್ಪಿದರೆ ಏನಾಗುತ್ತದೆ ಅಂತ ಮೇಲೆ ಹೇಳಿದೆ. ಹಾಗಾಗಿ ಆ ಕಾಲದ ಬೇಟೆಗಾರರಿಗೆ ಕೋವಿ ತೊಳೆಯುವುದು ಬೇಟೆಯದ್ದೇ ಕೊನೆಯ ಕೆಲಸ. ಕಾಡಿಗೆ ಹೋಗುವುದು ನಿಂತಿತು. ಹೊಡೆಯುವುದು ನಿಂತಿತು. ಒರೆಸುವುದೊಂದು ಉಳಿಯಿತು. ನಿಮ್ಮ ತಂದೆ ಅದನ್ನು ಬಿಟ್ಟಿಲ್ಲ.

ಕೊಬ್ಬರಿ ಎಣ್ಣೆ ಮಾತ್ರ ಬೇಡ. ದಯವಿಟ್ಟು ಇದನ್ನು ಅವರಿಗೆ ಹೇಳಿ, ನನ್ನ ಹೆಸರಲ್ಲೇ ಹೇಳಿ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ತಣ್ಣಗಾದರೆ ಗಟ್ಟಿಯಾಗುತ್ತದೆ. ಸಕಲೇಶಪುರದ ಚಳಿಗಾಲದಲ್ಲಿ ಬೋಲ್ಟಿನ ಒಳಗಿನ ಸ್ಪ್ರಿಂಗ್ ಸುತ್ತ ಅದು ಹೆಪ್ಪುಗಟ್ಟಿ ಕೂರುತ್ತದೆ. ಹಳತಾದರೆ ಜಿಗುಟಾಗಿ ಧೂಳು ಹಿಡಿಯುತ್ತದೆ. ಕಬ್ಬಿಣದ ಭಾಗಕ್ಕೆ ಕೋವಿ ಎಣ್ಣೆ ಸಿಗದಿದ್ದರೆ ಹೊಲಿಗೆ ಮಿಷನ್ ಎಣ್ಣೆ ಆಗುತ್ತದೆ, ತೆಳ್ಳಗೆ ಸವರಿದರೆ ಸಾಕು. ಮರಕ್ಕೆ ಅಗಸೆ ಎಣ್ಣೆ, ವರ್ಷಕ್ಕೆ ಒಂದೆರಡು ಸಲ, ಕೈಯಿಂದಲೇ ಉಜ್ಜಿ. ಇನ್ನೊಂದು ಮಾತು. ಎಣ್ಣೆ ಹಚ್ಚಿದ ಮೇಲೆ ನಳಿಗೆ ಮೇಲೆ ಮಾಡಿ ನಿಲ್ಲಿಸಿದರೆ ಎಣ್ಣೆ ನಿಧಾನಕ್ಕೆ ಕೆಳಗಿಳಿದು ಮರಕ್ಕೆ ಸೇರುತ್ತದೆ. ಬೋಲ್ಟಿನ ಹಿಂದೆ ಮರ ಕಪ್ಪಾಗಿ ಮೆತ್ತಗಾಗುತ್ತದೆ. ನಾನು ರಿಪೇರಿ ಮಾಡುವ ಹಳೆ ರೈಫಲ್‌ಗಳಲ್ಲಿ ಈ ರೋಗ ಬಹಳ ಸಾಮಾನ್ಯ. ಪ್ರೀತಿ ಜಾಸ್ತಿಯಾಗಿ ಬರುವ ರೋಗ. ಹಚ್ಚಿದ ದಿನ ಒಂದು ರಾತ್ರಿ ನಳಿಗೆ ಕೆಳಗೆ ಮಾಡಿ ಇಡಲಿ.

ಮರದ ಮೇಲೆ ಗೀರು, ಕಚ್ಚು ಇದ್ದರೆ ಉಜ್ಜಿ ಪಾಲಿಶ್ ಮಾಡಿಸಲು ಹೋಗಬೇಡಿ. ಇದನ್ನು ನಾನು ಗಿರಾಕಿಗಳಿಂದಲೇ ಕಲಿತೆ. ಮರ ಹೊಸದರ ಹಾಗೆ ಮಾಡಿಕೊಡಲಾ ಅಂದರೆ ಹಿರಿಯರು ಗಾಬರಿಯಾಗುತ್ತಾರೆ. ಈ ಗೀರು ಜೀಪಿನಿಂದ ಬಿದ್ದಾಗ ಆದದ್ದು, ಈ ಕಪ್ಪು ಕಲೆ ನಮ್ಮಪ್ಪ ಕೈ ಇಡುತ್ತಿದ್ದ ಜಾಗ, ಇದನ್ನು ತೆಗೀಬೇಡಿ ಅನ್ನುತ್ತಾರೆ. ಬೇಟೆಯೆಂದರೆ ಒಬ್ಬನ ಕೆಲಸ ಆಗಿರಲಿಲ್ಲ. ಹಳು ನುಗ್ಗುವವರು, ನಾಯಿ ಬಿಡುವವರು, ಬಿಲ್ಲಿಗೆ ಕೂರುವವರು, ಎಲ್ಲಾ ಸೇರಿ ಊರಿನ ಅರ್ಧ ಜನ. ಮಾಂಸ ಪಾಲು ಮಾಡುವಾಗ ನಾಯಿಗೊಂದು ಪಾಲು, ಕೋವಿಗೊಂದು ಪಾಲು ತೆಗೆದಿಡುವ ಪದ್ಧತಿ ಎಷ್ಟೋ ಕಡೆ ಇತ್ತು. 81ರ ವಯಸ್ಸಿನಲ್ಲಿ ನಿಮ್ಮ ತಂದೆಯ ಜೊತೆ ಹೋಗುತ್ತಿದ್ದವರಲ್ಲಿ ಎಷ್ಟು ಜನ ಉಳಿದಿದ್ದಾರೆ? ಆ ದಿನಗಳಿಗೆ ಸಾಕ್ಷಿ ಅಂತ ಮನೆಯಲ್ಲಿ ಉಳಿದಿರುವುದು ಅದೊಂದೇ ಇರಬಹುದು.

ಒಂದನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಬೇಟೆ ನಿಂತದ್ದು ಒಳ್ಳೆಯದಾಯಿತು. 1972ರ ಕಾಯ್ದೆ, ಆಮೇಲೆ 1991ರ ತಿದ್ದುಪಡಿ ಬಾರದಿದ್ದರೆ ನಮ್ಮ ಘಟ್ಟದ ಕಾಡು ಇವತ್ತು ಬರಿದಾಗಿರುತ್ತಿತ್ತು. ನಿಮ್ಮ ತಂದೆ ಕಾನೂನು ಬಂದ ಕೂಡಲೇ ಬಿಟ್ಟರು ಅಂತ ಬರೆದಿದ್ದೀರಿ. ಬಿಡದೆ ಕದ್ದು ಹೊಡೆದವರು ಬಹಳ ಜನ ಇದ್ದರು. ಅಷ್ಟು ಇಷ್ಟದ ಕೆಲಸವನ್ನು ಬಿಟ್ಟ ಮನುಷ್ಯನ ಮೇಲೆ ನನಗೆ ಗೌರವ ಇದೆ. ರೈಫಲ್ಲನ್ನೂ ಬಿಡಿ ಅಂದಾಗ ಊಟ ಬಿಟ್ಟರೆ ಅದನ್ನು ಬರೀ ಹಟ ಅಂತ ನೋಡಬೇಡಿ.

ಬೇಟೆ ಇಲ್ಲದೆಯೂ ಕೋವಿಯನ್ನು ಹೇಗೆ ಇಟ್ಟುಕೊಳ್ಳಬಹುದು ಅನ್ನುವುದಕ್ಕೆ ನಿಮ್ಮ ಪಕ್ಕದ ಕೊಡಗನ್ನು ನೋಡಿ. ಅಲ್ಲಿ ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಯನ್ನು ತೋಕ್ ಪೂ ಹೂವಿನಿಂದ ಸಿಂಗರಿಸಿ ಪೂಜೆ ಮಾಡುತ್ತಾರೆ. ಆಮೇಲೆ ಮರಕ್ಕೆ ತೆಂಗಿನಕಾಯಿ ಕಟ್ಟಿ ಗುರಿ ಹೊಡೆಯುವ ಸ್ಪರ್ಧೆ. ಸುಗ್ಗಿಯ ಹಬ್ಬ ಹುತ್ತರಿಯಲ್ಲಿ ಕದಿರು ತೆಗೆಯುವಾಗ ಒಂದು ಗುಂಡು ಹಾರಿಸುತ್ತಾರೆ. ಮನೆಯಲ್ಲಿ ಸಾವಾದರೆ ಅದನ್ನು ಸಾರುವುದೂ ಕೋವಿಯೇ. ಕೊಡವರಿಗೆ ಮತ್ತು ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಬಂದ ಲೈಸೆನ್ಸ್ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರ ತನಕ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ನಿಮಗೆ ಆ ವಿನಾಯಿತಿ ಸಿಗುವುದಿಲ್ಲ. ಆದರೆ ಆಯುಧ ಪೂಜೆಗೆ ನಿಮ್ಮ ಮನೆಯಲ್ಲೂ ಅದಕ್ಕೆ ಕುಂಕುಮ ಹಚ್ಚಿಯೇ ಇರುತ್ತೀರಿ.

ಈಗ ಮುಂದಿನ ದಾರಿ. ಇಂಥ ರೈಫಲ್ಲಿಗೆ ಕಾನೂನಿನಲ್ಲೇ ಜಾಗ ಇದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳ 25ನೇ ನಿಯಮ ಕುಟುಂಬದಲ್ಲಿ ಬಂದ ಕೋವಿಗಳ ಬಗ್ಗೆಯೇ ಇದೆ. ಲೈಸೆನ್ಸ್ ಇರುವವರು ತೀರಿಕೊಂಡ ಮೇಲೆ ವಾರಸುದಾರರು ಅರ್ಜಿ ಹಾಕಬಹುದು. ಅದಕ್ಕಿಂತ ಒಳ್ಳೆಯದು ಇನ್ನೊಂದು ದಾರಿ. ಲೈಸೆನ್ಸ್ ಇರುವವರಿಗೆ 70 ವರ್ಷ ತುಂಬಿದ್ದರೆ, ಇಲ್ಲವೇ ಆ ಕೋವಿ ಅವರ ಬಳಿ 25 ವರ್ಷ ಇದ್ದರೆ, ಅವರು ಬದುಕಿರುವಾಗಲೇ ತಮ್ಮ ವಾರಸುದಾರರ ಹೆಸರು ಸೂಚಿಸಬಹುದು. ನಿಮ್ಮ ತಂದೆಗೆ ಎರಡೂ ಅನ್ವಯಿಸುತ್ತದೆ. ಮಗಳಿಗೂ ಬರುತ್ತದೆ, ಗಂಡುಮಕ್ಕಳೇ ಆಗಬೇಕು ಅಂತ ಎಲ್ಲೂ ಇಲ್ಲ. ಕೊಡುವುದು ಬಿಡುವುದು ಜಿಲ್ಲಾಡಳಿತದ ವಿವೇಚನೆ. ಪೊಲೀಸ್ ವರದಿ, ವೈದ್ಯಕೀಯ ಪ್ರಮಾಣಪತ್ರ, ಕೋವಿ ಸುರಕ್ಷತೆಯ ತರಬೇತಿ, ಇವೆಲ್ಲ ಬೇಕಾಗುತ್ತವೆ. 2019ರ ತಿದ್ದುಪಡಿಯ ನಂತರ ಒಬ್ಬರ ಹೆಸರಲ್ಲಿ ಎರಡಕ್ಕಿಂತ ಹೆಚ್ಚು ಕೋವಿ ಇರುವಂತಿಲ್ಲ, ವಾರಸಿನಲ್ಲಿ ಬಂದರೂ ಇದೇ ಮಿತಿ. ಲೈಸೆನ್ಸ್ ಅವಧಿ ಈಗ ಮೂರರ ಬದಲು ಐದು ವರ್ಷ, ಹಾಗಾಗಿ ನವೀಕರಣದ ಓಡಾಟ ಸ್ವಲ್ಪ ಕಡಿಮೆ.

ನನ್ನ ಸಲಹೆ ಇಷ್ಟು. ಸರೆಂಡರ್ ಮಾತನ್ನು ಸದ್ಯಕ್ಕೆ ನಿಲ್ಲಿಸಿ. ಒಂದು ಭಾನುವಾರ ಊರಿಗೆ ಹೋಗಿ, ಹೇಗೆ ಒರೆಸುವುದು ಅಂತ ನನಗೂ ಹೇಳಿಕೊಡಿ ಅನ್ನಿ. ಮೊದಲು ಬೈಯಬಹುದು. ಆಮೇಲೆ ಬೋಲ್ಟ್ ಹೇಗೆ ತೆಗೆಯುವುದು, ನಳಿಗೆಯಲ್ಲಿ ತೋಟಾ ಇಲ್ಲ ಅಂತ ಕಣ್ಣಿನಿಂದಲೂ ಬೆರಳಿನಿಂದಲೂ ಹೇಗೆ ಖಚಿತ ಮಾಡಿಕೊಳ್ಳುವುದು, ಎಲ್ಲಾ ಒಂದೊಂದಾಗಿ ತೋರಿಸುತ್ತಾರೆ. ಕಲಿಯುವವರು ಒಬ್ಬರಿದ್ದಾರೆ ಅಂತ ಗೊತ್ತಾದ ಮೇಲೆ ಬಿಟ್ಟುಕೊಡುವುದು ಇಷ್ಟು ಕಷ್ಟ ಆಗುವುದಿಲ್ಲ. ಹೆಸರು ಸೂಚಿಸುವ ಮಾತನ್ನು ಆಗ ತೆಗೆಯಿರಿ. ನಿಮಗೆ ನಿಜವಾಗಿಯೂ ಇಟ್ಟುಕೊಳ್ಳುವ ಮನಸ್ಸಿಲ್ಲದಿದ್ದರೆ ಸುಮ್ನೆ ಒಪ್ಪಿಕೊಳ್ಳಬೇಡಿ. ಮನೆತನದಲ್ಲಿ ಬೇರೆ ಯಾರಿಗಾದರೂ ಆಸಕ್ತಿ ಇದೆಯಾ ಅಂತ ಅವರ ಜೊತೆಯೇ ಕೂತು ಯೋಚಿಸಿ. ಅವರಿಗೆ ತಿಳಿಸದೆ ಠಾಣೆಗೋ ಕೋವಿ ಅಂಗಡಿಗೋ ಒಪ್ಪಿಸಿ ಬರುವ ಕೆಲಸ ಮಾತ್ರ ಮಾಡಬೇಡಿ. ಹಾಗೆ ಮಾಡಿದ ಮನೆಗಳಲ್ಲಿ ಅಪ್ಪ ಮಕ್ಕಳ ಮಾತು ಮೊದಲಿನ ಹಾಗೆ ಆಗಿದ್ದನ್ನು ನಾನು ಕಂಡಿಲ್ಲ.

ಇದರಲ್ಲಿ ಒಂದಕ್ಕೆ ವಿನಾಯಿತಿ ಇಲ್ಲ. ತಂದೆಯವರಿಗೆ ಮರೆವು ಶುರುವಾಗಿದ್ದರೆ, ಮನಸ್ಸು ಕುಗ್ಗಿದ್ದರೆ, ಪ್ರೀತಿ ಗೌರವದ ಮಾತೆಲ್ಲ ಆಮೇಲೆ. ಬೋಲ್ಟ್ ಮತ್ತು ತೋಟಾ ಎರಡನ್ನೂ ಬೇರೆ ಬೀಗದಲ್ಲಿ ಇಟ್ಟು ಕೀಲಿ ನೀವು ತಗೊಳ್ಳಿ, ವೈದ್ಯರ ಜೊತೆ ಮಾತಾಡಿ. ಬೋಲ್ಟ್ ಇಲ್ಲದ ರೈಫಲ್ ಈಡು ಹೊಡೆಯುವುದಿಲ್ಲ, ಒರೆಸಲು ಅಡ್ಡಿಯೂ ಇಲ್ಲ. ಹಳೆ ತೋಟಾಗಳು ಹಿತ್ತಾಳೆ ಹಸಿರಾಗಿ ಡಬ್ಬಿಯಲ್ಲಿ ಉಳಿದಿದ್ದರೆ ಯಾರೂ ಅವನ್ನು ಹೊಡೆದು ನೋಡಬಾರದು, ಮಣ್ಣಿನಲ್ಲಿ ಹೂಳಬಾರದು. ಲೈಸೆನ್ಸಿನಲ್ಲಿ ಬರೆದ ಲೆಕ್ಕಕ್ಕೆ ತಾಳೆ ಹಾಕಿ, ಬರಹದಲ್ಲಿ ಠಾಣೆಗೆ ಒಪ್ಪಿಸಿ, ರಸೀದಿ ತಗೊಳ್ಳಿ.

ಅರ್ಜಿಗೆ ಮುಂಚೆ ಎರಡು ನೋಡಿಕೊಳ್ಳಿ. ಲೈಸೆನ್ಸಿಗೆ ರಾಷ್ಟ್ರೀಯ ದಾಖಲೆಯ ಯುಐಎನ್ ಎಂಬ ವಿಶಿಷ್ಟ ಗುರುತಿನ ನಂಬರ್ ಬಂದಿರಬೇಕು, ಅದಿಲ್ಲದ ಲೈಸೆನ್ಸ್ ಈಗ ಊರ್ಜಿತವಲ್ಲ. ಇನ್ನೊಂದು, ರೈಫಲ್ ಮೇಲಿನ ನಂಬರ್, ಬೋಲ್ಟಿನ ಹಿಡಿಯ ಮೇಲಿನ ನಂಬರ್, ಲೈಸೆನ್ಸ್ ಪುಸ್ತಕದ ನಂಬರ್ ಮೂರೂ ತಾಳೆಯಾಗಬೇಕು. ಹಿಂದೆ ಯಾವಾಗಲೋ ಠಾಣೆಯಲ್ಲಿಟ್ಟಾಗ ಬೋಲ್ಟ್ ಅದಲುಬದಲಾದ ರೈಫಲ್‌ಗಳು ನನ್ನ ಬಳಿ ಬಂದಿವೆ. ಬೇರೆ ರೈಫಲ್ಲಿನ ಬೋಲ್ಟ್ ಕೂತರೂ ತೋಟಾದ ಹಿಂದಿನ ಅಂತರ ಸರಿಯಾಗಿರದೇ ಇರಬಹುದು, ಆಗ ಹೊಡೆದರೆ ತೋಟಾ ಹಿಂದಕ್ಕೆ ಬಿರಿಯಬಹುದು. ನಂಬರ್ ಬೇರೆ ಇದ್ದರೆ ಮೊದಲು ಲೈಸೆನ್ಸ್ ಇರುವ ರಿಪೇರಿಯವರಿಗೆ ತೋರಿಸಿ, ಅರ್ಜಿ ಆಮೇಲೆ ಹಾಕಿ.